ಎನ್‌ಸೆಫಲ್‌ಆ್ಯಪ್: ಮೂರು ಬಣ್ಣ, ಹತ್ತು ಗುರುತು, ಒಂದು ಗಡಿಯಾರ

ಸಿರೋಸಿಸ್, ಅಂದರೆ ಲಿವರ್ ಗಂಟುಗಟ್ಟಿ ಗಡುಸಾಗುವ ಕಾಯಿಲೆ ಇರುವ ನಮ್ಮ ಭಾವನವರಿಗಾಗಿ ಎನ್‌ಸೆಫಲ್‌ಆ್ಯಪ್ ಎಂಬ ಪುಟ್ಟ ಆ್ಯಪನ್ನು ಬಳಸತೊಡಗಿ ಹನ್ನೊಂದು ತಿಂಗಳಾಯಿತು. ಮೊದಲ ಸಲ ನೋಡಿದವರು ಇದನ್ನು ಮಕ್ಕಳ ಆಟವೆಂದು ಬದಿಗಿಡುತ್ತಾರೆ; ಅಲ್ಲಿಲ್ಲಿ ಸ್ವಲ್ಪ ಓದಿಕೊಂಡವರು ಲಿವರ್ ಕಾಯಿಲೆಯನ್ನೇ ಕಂಡುಹಿಡಿಯುವ ಸಾಧನವೆಂದು ನಂಬಿಬಿಡುತ್ತಾರೆ. ಎರಡೂ ತಪ್ಪು. ಕಣ್ಣಿಗೆ ಬಿದ್ದದ್ದರಲ್ಲಿ ಬೇಕಾದುದನ್ನು ಹಿಡಿದು, ಬೇಡದ್ದನ್ನು ಬಿಟ್ಟು, ಬೆರಳನ್ನು ಸರಿಯಾದ ಜಾಗಕ್ಕೆ ಒಯ್ಯಲು ಮಿದುಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಒಂದೇ ಒಂದು ಸಂಗತಿಯನ್ನು ಇದು ಅಳೆಯುತ್ತದೆ. ಆ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಅದರಾಚೆಗೆ ನಾವು ಆ ಅಂಕಿಯ ಮೇಲೆ ಹೇರುವ ಅರ್ಥಗಳಿಗೆ ಅದು ಹೊಣೆಯಲ್ಲ.

ಲಿವರಿಗೆ ಕಾಯಿಲೆ ಬಂದರೆ ಮಿದುಳನ್ನು ಏಕೆ ಪರೀಕ್ಷಿಸಬೇಕು ಎಂಬ ಪ್ರಶ್ನೆ ಸಹಜ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಸಾರಜನಕವಿರುವ ವಸ್ತುಗಳನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಕರುಳಿನ ಗೋಡೆಯ ಕೋಶಗಳೂ ಸ್ವಲ್ಪ ಅಮೋನಿಯಾ ಉತ್ಪಾದಿಸುತ್ತವೆ. ಆರೋಗ್ಯವಂತ ಲಿವರ್ ಅದನ್ನು ಯೂರಿಯಾ ಆಗಿ ಬದಲಿಸಿ ಮೂತ್ರದ ದಾರಿಗೆ ಕಳುಹಿಸುತ್ತದೆ. ಲಿವರ್ ಗಂಟುಗಟ್ಟಿ ಗಡುಸಾದಾಗ ಈ ಕೆಲಸ ಕುಂಟುತ್ತದೆ, ಜೊತೆಗೆ ರಕ್ತವು ಲಿವರನ್ನು ತಪ್ಪಿಸಿಕೊಂಡು ಅಡ್ಡದಾರಿಯಲ್ಲಿ ನೇರವಾಗಿ ದೇಹಕ್ಕೆ ಸೇರತೊಡಗುತ್ತದೆ. ಹೀಗೆ ಉಳಿದ ಅಮೋನಿಯಾ ಮಿದುಳನ್ನು ತಲುಪಿದಾಗ ಅಲ್ಲಿನ ಆಸ್ಟ್ರೋಸೈಟ್ ಎಂಬ ಕೋಶಗಳು ಅದನ್ನು ಗ್ಲುಟಮಿನ್ ಆಗಿ ಪರಿವರ್ತಿಸಿ, ಆ ಭಾರಕ್ಕೆ ನೀರು ಎಳೆದುಕೊಂಡು ಊದಿಕೊಳ್ಳುತ್ತವೆ. ಇದರಿಂದಾಗುವ ಮಂಪರು, ಗೊಂದಲ, ಕೈನಡುಕಗಳನ್ನೆಲ್ಲ ಸೇರಿಸಿ ವೈದ್ಯರು ಹೆಪಾಟಿಕ್ ಎನ್‌ಸೆಫಲೋಪಥಿ ಎನ್ನುತ್ತಾರೆ. ಕೈ ಚಾಚಿದಾಗ ಮಣಿಕಟ್ಟು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವ ಹಂತ ಬಂದರೆ ಯಾವ ಆ್ಯಪೂ ಬೇಕಾಗಿಲ್ಲ, ಎದುರಿಗೆ ನಿಂತವರಿಗೇ ಕಾಣಿಸುತ್ತದೆ. ತೊಂದರೆ ಇರುವುದು ಅದಕ್ಕೂ ಹಿಂದಿನ, ಕಣ್ಣಿಗೆ ಬೀಳದ ಹಂತದಲ್ಲಿ. ಸಿರೋಸಿಸ್ ಇರುವವರಲ್ಲಿ ಶೇಕಡಾ 20ರಿಂದ 80ರಷ್ಟು ಮಂದಿಯಲ್ಲಿ ಈ ಮರೆಯ ಹಂತ ಇರಬಹುದೆಂದು 2014ರ ಅಮೆರಿಕ ಮತ್ತು ಯುರೋಪಿನ ಜಂಟಿ ಮಾರ್ಗಸೂಚಿ ಹೇಳುತ್ತದೆ. ಒಂದೇ ಅಂದಾಜಿನಲ್ಲಿ ಇಷ್ಟು ಅಗಲವಾದ ಅಂತರ ಇದೆಯೆಂದರೆ, ಯಾವ ಪರೀಕ್ಷೆಯಿಂದ ಅಳೆದರು ಎಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಇದು ಹೇಗೆ ಶುರುವಾಯಿತು ಎಂಬುದನ್ನು ಹೇಳಬೇಕು. ಭಾವನವರು ಜೀವಮಾನವಿಡೀ ಲೆಕ್ಕಪತ್ರ ನೋಡಿಕೊಂಡು ಬಂದವರು. ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಆಮೇಲೆ ಸಿರೋಸಿಸ್ ಎಂಬ ಕ್ರಮದಲ್ಲಿ ಅವರ ಆರೋಗ್ಯ ಇಳಿದಿತ್ತು. ಹಗಲು ತೂಕಡಿಕೆ, ರಾತ್ರಿ ಎಚ್ಚರ. ಒಂದೇ ಪುಟವನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಸಹಿ ಹೊಂದುವುದಿಲ್ಲವೆಂದು ಅವರ ಚೆಕ್ ಎರಡು ಸಲ ವಾಪಸು ಬಂದಿತು. ಕಾರು ಓಡಿಸುವಾಗ ಬ್ರೇಕು ತುಳಿಯುವುದು ಒಂದು ಕ್ಷಣ ತಡವಾಗುತ್ತಿದೆ ಎಂದು ಅಕ್ಕ ಹೇಳಿದಾಗ ನಾವೆಲ್ಲ ವಯಸ್ಸಿನ ಮೇಲೆ ಹಾಕಿ ಸುಮ್ಮನಾದೆವು. ಮಾತನಾಡಿಸಿದರೆ ಅವರು ಎಂದಿನಂತೆಯೇ ಉತ್ತರಿಸುತ್ತಿದ್ದರು, ದಿನ, ವಾರ, ಊರು ಎಲ್ಲ ಸರಿಯಾಗಿ ಹೇಳುತ್ತಿದ್ದರು. ಈ ಹಂತದ ಮೋಸವೇ ಇದು: ಮಾತು ನೆಟ್ಟಗಿರುತ್ತದೆ, ಗಮನ ಮಾತ್ರ ಸೋರುತ್ತಿರುತ್ತದೆ, ಮತ್ತು ಸೋರುತ್ತಿರುವುದು ಸ್ವತಃ ರೋಗಿಗೆ ತಿಳಿಯುವುದಿಲ್ಲ.

ಇಂಥ ಸೋರಿಕೆಯನ್ನು ಹಿಡಿಯಲು ಮೊದಲಿನಿಂದಲೂ ಪರೀಕ್ಷೆಗಳಿವೆ. ಕಾಗದ ಮತ್ತು ಪೆನ್ಸಿಲಿನಿಂದ ಮಾಡುವ ಪಿಎಚ್‌ಇಎಸ್ ಎಂಬ ಐದು ಪರೀಕ್ಷೆಗಳ ಗುಚ್ಛ ಬಹುಕಾಲದಿಂದ ಮಾನದಂಡವಾಗಿದೆ. ಹರಡಿರುವ ಅಂಕಿಗಳನ್ನು ಕ್ರಮವಾಗಿ ಗೆರೆಯಿಂದ ಜೋಡಿಸುವುದು, ಅಂಕಿಗೆ ತಕ್ಕ ಚಿಹ್ನೆ ಬರೆಯುವುದು, ವೃತ್ತಗಳೊಳಗೆ ಚುಕ್ಕೆ ಇಡುವುದು, ಇಕ್ಕಟ್ಟಾದ ಎರಡು ಗೆರೆಗಳ ನಡುವೆ ಮುಟ್ಟದೆ ಗೆರೆ ಎಳೆಯುವುದು ಹೀಗೆ. ಅದನ್ನು ನಡೆಸಲು ತರಬೇತಿ ಪಡೆದವರು ಬೇಕು, ಅಂಕ ಕೊಡಲು ಆಯಾ ಜನಸಮುದಾಯದ ಕೋಷ್ಟಕ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸಮಯ ಬೇಕು. ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿ ನಿಂತವರ ನಡುವೆ ಅದು ನಡೆಯುವ ಮಾತಲ್ಲ. ಅಮೋನಿಯಾ ರಕ್ತಪರೀಕ್ಷೆಯಾದರೂ ಸರಳವೇ ಎಂದರೆ ಅದೂ ಅಲ್ಲ: ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ತಲುಪಿಸದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಮತ್ತು ಏರಿದ ಅಂಕಿಯೊಂದರಿಂದಲೇ ರೋಗವನ್ನು ತೀರ್ಮಾನಿಸುವಂತಿಲ್ಲ.

ಈ ಕೊರತೆಯನ್ನು ತುಂಬಲು ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಲಿವರ್ ತಜ್ಞ ಜಸ್ಮೋಹನ್ ಬಜಾಜ್ ಮತ್ತು ಅವರ ತಂಡದವರು ಹೊಸದಾಗಿ ಏನನ್ನೂ ಸೃಷ್ಟಿಸದೆ ಹಳೆಯ ಪರೀಕ್ಷೆಯೊಂದನ್ನು ಫೋನಿಗೆ ಇಳಿಸಿದರು. ಜಾನ್ ರಿಡ್ಲಿ ಸ್ಟ್ರೂಪ್ ಎಂಬ ಮನಶ್ಶಾಸ್ತ್ರಜ್ಞ 1935ರಲ್ಲಿ ಪ್ರಕಟಿಸಿದ ಪ್ರಯೋಗ ಅದು: ಒಂದು ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಪದವನ್ನು ಓದದೆ ಶಾಯಿಯ ಬಣ್ಣವನ್ನು ಹೇಳಿ ಎಂದರೆ ಎಂಥವರೂ ತಡವರಿಸುತ್ತಾರೆ. ಓದುವುದು ನಮಗೆ ಅಷ್ಟು ರೂಢಿಯಾಗಿರುವುದರಿಂದ ಅದನ್ನು ತಡೆಹಿಡಿಯಲು ಮಿದುಳು ಶ್ರಮಪಡಬೇಕಾಗುತ್ತದೆ. ಆ ಶ್ರಮದ ಬೆಲೆಯನ್ನು ಸೆಕೆಂಡುಗಳಲ್ಲಿ ಎಣಿಸಬಹುದು.

ಆ್ಯಪಿನ ಒಳಗಿರುವುದು ಎರಡು ಭಾಗ. ‘ಆಫ್’ ಎಂಬ ಮೊದಲ ಭಾಗದಲ್ಲಿ ಪರದೆಯ ನಡುವೆ ಹ್ಯಾಶ್ ಚಿಹ್ನೆಗಳ ಸಾಲೊಂದು ಕೆಂಪು, ಹಸಿರು ಅಥವಾ ನೀಲಿ ಬಣ್ಣದಲ್ಲಿ ಮೂಡುತ್ತದೆ, ಕೆಳಗಿರುವ ಆಯ್ಕೆಗಳಲ್ಲಿ ಅದೇ ಬಣ್ಣವನ್ನು ಮುಟ್ಟಬೇಕು. ಆಯ್ಕೆಗಳ ಜಾಗ ಬದಲಾಗುತ್ತಿರುವುದರಿಂದ ಬೆರಳು ರೂಢಿಯ ಮೇಲೆ ಓಡುವಂತಿಲ್ಲ. ಇಂಥ ಹತ್ತು ಗುರುತುಗಳಿಗೆ ಒಂದು ಸುತ್ತು, ತಪ್ಪಿಲ್ಲದ ಐದು ಸುತ್ತು ಮುಗಿದರೆ ಆ ಭಾಗ ಮುಗಿಯಿತು. ‘ಆನ್’ ಎಂಬ ಎರಡನೆಯ ಭಾಗದಲ್ಲಿ ಹ್ಯಾಶ್ ಚಿಹ್ನೆಗಳ ಬದಲು ಬಣ್ಣದ ಹೆಸರುಗಳೇ ಬರುತ್ತವೆ, ಅದೂ ಹೆಚ್ಚಾಗಿ ಬೇರೆ ಬಣ್ಣದಲ್ಲಿ. ಕೆಂಪು ಎಂಬ ಅರ್ಥದ ಪದ ನೀಲಿಯಲ್ಲಿ ಮೂಡಿದರೆ ನೀಲಿಯನ್ನೇ ಮುಟ್ಟಬೇಕು. ಎರಡೂ ಭಾಗಗಳಿಗೆ ತಗುಲಿದ ಸಮಯ, ಅವುಗಳ ಮೊತ್ತ, ಐದು ಸರಿ ಸುತ್ತು ಮುಗಿಸಲು ಒಟ್ಟು ಎಷ್ಟು ಸುತ್ತು ಬೇಕಾಯಿತು ಎಂಬ ಎಣಿಕೆ, ಇಷ್ಟೇ ಫಲಿತಾಂಶ. ಅಲಂಕಾರವಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಪದಕವಿಲ್ಲ. ನನಗೆ ಇದು ಹಿಡಿಸಿತು.

ಎಲ್ಲಕ್ಕಿಂತ ಹೆಚ್ಚು ಮೆಚ್ಚಬೇಕಾದುದು, ಹಾಗೆಯೇ ರೋಗಿಯನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು, ತಪ್ಪಿನ ನಿಯಮ. ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ಮುಟ್ಟಿ ಹತ್ತನೆಯದರಲ್ಲಿ ಎಡವಿದರೂ ಆ ಸುತ್ತು ಅಲ್ಲಿಗೇ ನಿಂತು ಮೊದಲಿನಿಂದ ಆರಂಭವಾಗುತ್ತದೆ. ಮೊದಲ ದಿನ ಭಾವನವರು ಎಂಟನೆಯ ಗುರುತಿಗೆ ಬಂದು ಮೂರು ಸಲ ಬಿದ್ದರು. ನಾಲ್ಕನೆಯ ಸಲ ಫೋನನ್ನು ಮಂಚದ ಮೇಲೆ ಕವುಚಿ ಹಾಕಿ, “ಏನಪ್ಪಾ, ನನ್ನನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿದ್ದೀಯಾ?” ಎಂದು ಸಿಡುಕಿದರು. “ಭಾವ, ಅವಸರ ಬೇಡ, ನೀರು ಕುಡಿದು ಮತ್ತೆ ಮಾಡಿ” ಎಂದು ಸಮಾಧಾನ ಮಾಡಬೇಕಾಯಿತು. ಆದರೆ ಯೋಚಿಸಿ ನೋಡಿದರೆ ಈ ನಿಯಮವಿಲ್ಲದೆ ಪರೀಕ್ಷೆಗೆ ಅರ್ಥವೇ ಇಲ್ಲ. ತಪ್ಪಿಗೆ ಬೆಲೆ ಇಲ್ಲದಿದ್ದರೆ ಕಣ್ಣುಮುಚ್ಚಿ ಪಟಪಟನೆ ಒತ್ತುವವನಿಗೇ ಒಳ್ಳೆಯ ಸಮಯ ಸಿಗುತ್ತದೆ. ತಪ್ಪಿಗೆ ಒಂದೋ ಎರಡೋ ಸೆಕೆಂಡಿನ ದಂಡ ಹಾಕಿದ್ದರೆ ವೇಗ ಮತ್ತು ನಿಖರತೆಯ ನಡುವೆ ಪ್ರತಿಯೊಬ್ಬರೂ ತಮಗೆ ಬೇಕಾದ ಚೌಕಾಸಿ ಮಾಡಿಕೊಳ್ಳುತ್ತಿದ್ದರು. ಸುತ್ತನ್ನೇ ಕಳೆದುಕೊಳ್ಳಬೇಕಾದಾಗ ಮನುಷ್ಯ ತಾನು ತಪ್ಪದೆ ಹೋಗಬಲ್ಲ ಗರಿಷ್ಠ ವೇಗವನ್ನು ತಾನೇ ಕಂಡುಕೊಳ್ಳುತ್ತಾನೆ, ಮತ್ತು ನಮಗೆ ಬೇಕಾಗಿರುವುದು ಆ ವೇಗವೇ. ಎಷ್ಟು ಸುತ್ತು ಬೇಕಾಯಿತು ಎಂಬ ಎಣಿಕೆಯನ್ನು ಬೇರೆಯಾಗಿ ಇಟ್ಟಿರುವುದೂ ಜಾಣತನ. ನಿಧಾನವಾಗಿ ಸರಿಯಾಗಿ ಮುಗಿಸಿದವರನ್ನೂ ಅವಸರದಲ್ಲಿ ಹಲವು ಸಲ ಬಿದ್ದು ಎದ್ದವರನ್ನೂ ಅದು ಬೇರ್ಪಡಿಸಿ ತೋರಿಸುತ್ತದೆ.

ಇನ್ನು ಅಂಕಿಗಳ ವಿಚಾರ. 126 ಸಿರೋಸಿಸ್ ರೋಗಿಗಳು ಮತ್ತು 51 ಆರೋಗ್ಯವಂತರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಮೊದಲ ಅಧ್ಯಯನದಲ್ಲಿ ಎರಡೂ ಭಾಗಗಳ ಮೊತ್ತಕ್ಕೆ 274.9 ಸೆಕೆಂಡುಗಳ ಗಡಿಯನ್ನು ಸೂಚಿಸಲಾಗಿತ್ತು. 2015ರ ಅಧ್ಯಯನದಲ್ಲಿ ಅದು 190 ಸೆಕೆಂಡಿಗೆ ಇಳಿಯಿತು. ಮರುವರ್ಷ ವಯಸ್ಸು, ಲಿಂಗ ಮತ್ತು ಓದಿಗೆ ಅನುಗುಣವಾಗಿ ಹೊಂದಿಸಿಕೊಂಡ ಮಾನದಂಡಗಳು ಬಂದವು. ಗಡಿ ಹೀಗೆ ಸರಿದಾಡಿರುವುದನ್ನು ದೋಷವೆಂದು ನಾನು ಹೇಳುವುದಿಲ್ಲ. ಆದರೆ 190 ಎಂಬ ಅಂಕಿಯನ್ನು ಜ್ವರದ ಗೆರೆಯಂತೆ ಹಿಡಿದುಕೊಂಡು, 189 ಬಂದರೆ ನಿರಾಳ, 191 ಬಂದರೆ ಗಾಬರಿ ಎಂದು ಕೂರುವವರು ಈ ಇತಿಹಾಸವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಲವತ್ತೇಳರ ನನಗೆ ಮೊದಲ ಪ್ರಯತ್ನದಲ್ಲಿ 131 ಸೆಕೆಂಡು ಬೇಕಾಯಿತು, ವಾರ ಕಳೆದು ಮಾಡಿದಾಗ 118. ನನ್ನ ಲಿವರ್ ಆ ವಾರದಲ್ಲಿ ಸುಧಾರಿಸಿರಲಿಲ್ಲ, ಬೆರಳಿಗೆ ರೂಢಿಯಾಗಿತ್ತು, ಅಷ್ಟೇ.

ಅಭ್ಯಾಸದ ಈ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ. ಭಾವನವರಿಗೆ ಮೊಟ್ಟಮೊದಲು ಈ ಪರೀಕ್ಷೆ ಮಾಡಿದ ಚಿಕಿತ್ಸಾಲಯದಲ್ಲಿ ಸಿಬ್ಬಂದಿಯೊಬ್ಬರು ಟ್ಯಾಬ್ಲೆಟನ್ನು ಕೈಗೆ ಕೊಟ್ಟು, ಅಭ್ಯಾಸದ ಸುತ್ತನ್ನು ಹಾರಿಸಿ, ಟಿವಿ ಕೂಗುತ್ತಿದ್ದ ಕಾಯುವ ಕೋಣೆಯಲ್ಲೇ ಕೂರಿಸಿ ಮಾಡಿಸಿದರು. ಕನ್ನಡಕ ಅಕ್ಕನ ಚೀಲದಲ್ಲಿತ್ತು. ಬಂದ ಮೊತ್ತ 263. ಅದನ್ನು ನೋಡಿ ಅಕ್ಕ ಕಣ್ಣೀರಿಟ್ಟಳು. ನಾಲ್ಕು ದಿನಗಳ ನಂತರ ಬೆಳಿಗ್ಗೆ, ಶಾಂತವಾದ ಕೋಣೆಯಲ್ಲಿ, ಕನ್ನಡಕ ಹಾಕಿಕೊಂಡು, ಎರಡು ಅಭ್ಯಾಸದ ಸುತ್ತುಗಳಾದ ಮೇಲೆ ಮಾಡಿದಾಗ ಬಂದದ್ದು 219. ಅದೂ ಒಳ್ಳೆಯ ಅಂಕಿಯಲ್ಲ, ಆದರೆ ನಂಬಬಹುದಾದ ಅಂಕಿ. ನಮ್ಮ ವೈದ್ಯರು ಅದನ್ನು ಇತರ ಲಕ್ಷಣಗಳ ಜೊತೆಗಿಟ್ಟು ನೋಡಿ ಲ್ಯಾಕ್ಟುಲೋಸ್ ಸಿರಪ್ ಆರಂಭಿಸಿದರು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ವಿಸರ್ಜನೆಯಾಗುವಂತೆ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು ಎಂದರು. ಆ ಸಿರಪ್ ದೊಡ್ಡ ಕರುಳನ್ನು ಆಮ್ಲೀಯಗೊಳಿಸಿ ಅಮೋನಿಯಾ ರಕ್ತಕ್ಕೆ ಹೀರಿಕೊಳ್ಳದಂತೆ ತಡೆಯುತ್ತದೆ. ಎರಡು ತಿಂಗಳಲ್ಲಿ ಮೊತ್ತ 187ಕ್ಕೆ ಬಂತು. ಅದಕ್ಕಿಂತ ಮುಂಚೆಯೇ ರಾತ್ರಿಯ ನಿದ್ದೆ ಹಿಂದಿರುಗಿದ್ದನ್ನು ಅಕ್ಕ ಗಮನಿಸಿದ್ದಳು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಆಮೇಲೊಂದು ಭಾನುವಾರ ಮೊತ್ತ ಏಕಾಏಕಿ 241ಕ್ಕೆ ಜಿಗಿಯಿತು. ಮಲಬದ್ಧತೆಯೋ, ಸೋಂಕೋ, ಒಳಗೆಲ್ಲಾದರೂ ರಕ್ತಸ್ರಾವವೋ ಎಂದು ಹೆದರಿದೆವು, ಏಕೆಂದರೆ ಈ ಕಾಯಿಲೆಯನ್ನು ಕೆರಳಿಸುವ ಸಾಮಾನ್ಯ ಕಾರಣಗಳು ಅವೇ. ವಿಚಾರಿಸಿದಾಗ ಹಿಂದಿನ ರಾತ್ರಿ ನೆಗಡಿಗೆಂದು ಯಾರೋ ಕೊಟ್ಟಿದ್ದ, ನಿದ್ದೆ ಬರಿಸುವ ಮಾತ್ರೆಯನ್ನು ಅವರು ನುಂಗಿದ್ದು ಗೊತ್ತಾಯಿತು. ಲಿವರ್ ಕೆಟ್ಟವರಿಗೆ ಅಂಥ ಮಾತ್ರೆ ಸ್ವತಃ ಅಪಾಯ, ಅದಕ್ಕಾಗಿ ವೈದ್ಯರಿಂದ ಬೈಸಿಕೊಂಡದ್ದೂ ಆಯಿತು. ಆದರೆ ಆ್ಯಪಿನ ಮಟ್ಟಿಗೆ ಪಾಠ ಬೇರೆ. ಗಮನ ಕುಗ್ಗಿದೆ ಎಂದು ಅದು ಹೇಳಬಲ್ಲದು, ಏಕೆ ಕುಗ್ಗಿದೆ ಎಂದು ಹೇಳಲಾರದು. ರಕ್ತದಲ್ಲಿ ಸೋಡಿಯಂ ಇಳಿದರೂ, ಸಕ್ಕರೆ ಇಳಿದರೂ, ಖಿನ್ನತೆಯಿದ್ದರೂ, ಮದ್ಯ ಸೇವಿಸಿದ್ದರೂ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೂ ಇದೇ ಸೆಕೆಂಡುಗಳು ಏರುತ್ತವೆ. ಕೆಂಪು, ಹಸಿರುಗಳನ್ನು ಬೇರ್ಪಡಿಸಲಾಗದ ಬಣ್ಣಗುರುಡು ಇರುವವರಿಗಂತೂ ಇದು ಸಲ್ಲದ ಪರೀಕ್ಷೆ, ಅವರಿಗೆ ಬೇರೆ ದಾರಿ ನೋಡಬೇಕು. ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿಸಿ ಎಣಿಸುವ ಪರೀಕ್ಷೆ ಅಂಥವುಗಳಲ್ಲಿ ಒಂದು, ಅದಕ್ಕೆ ಫೋನೂ ಬೇಡ.

ಕನ್ನಡದಲ್ಲಿ ಓದುವ ನಮ್ಮಂಥವರು ವಿಶೇಷವಾಗಿ ಯೋಚಿಸಬೇಕಾದದ್ದು ಭಾಷೆಯ ವಿಚಾರ. ಸ್ಟ್ರೂಪ್ ಪರೀಕ್ಷೆಯ ಎರಡನೆಯ ಭಾಗ ನಿಂತಿರುವುದೇ ಓದುವ ರೂಢಿಯ ಮೇಲೆ. ಪದ ಕಣ್ಣಿಗೆ ಬಿದ್ದೊಡನೆ ಬಯಸದೆಯೇ ಅರ್ಥ ಹೊಳೆಯಬೇಕು, ಆಗ ಮಾತ್ರ ಅದನ್ನು ತಡೆಹಿಡಿಯುವ ಶ್ರಮ ಹುಟ್ಟುತ್ತದೆ. ಇದನ್ನು ಪರೀಕ್ಷಿಸಲು ಒಂದು ಸಂಜೆ ಮೂರು ಸ್ಕೆಚ್ ಪೆನ್ನುಗಳನ್ನು ಹಿಡಿದು ಎರಡು ಹಾಳೆಗಳನ್ನು ತಯಾರಿಸಿದೆ. ಒಂದರಲ್ಲಿ ‘ಕೆಂಪು’, ‘ಹಸಿರು’, ‘ನೀಲಿ’ ಎಂಬ ಕನ್ನಡ ಪದಗಳು, ಇನ್ನೊಂದರಲ್ಲಿ ಅವೇ ಅರ್ಥದ ಇಂಗ್ಲಿಷ್ ಪದಗಳು, ಎರಡರಲ್ಲೂ ಶಾಯಿ ಅದಲುಬದಲು. ಕನ್ನಡವನ್ನು ಮಾತ್ರ ಓದಬಲ್ಲ ನಮ್ಮ ಅತ್ತೆಯವರ ಮುಂದೆ ಇಟ್ಟು ಶಾಯಿಯ ಬಣ್ಣ ಹೇಳುತ್ತಾ ಹೋಗಿ ಎಂದೆ. ಇಂಗ್ಲಿಷ್ ಹಾಳೆಯನ್ನು ಅವರು ರಂಗೋಲಿಯ ಬಣ್ಣ ಗುರುತಿಸಿದಷ್ಟು ಸಲೀಸಾಗಿ ಮುಗಿಸಿದರು, ಏಕೆಂದರೆ ಅವರಿಗೆ ಅವು ಪದಗಳೇ ಅಲ್ಲ, ಬರಿಯ ಆಕಾರಗಳು. ಕನ್ನಡ ಹಾಳೆಗೆ ಬಂದಾಗ ಮೂರನೆಯ ಪದಕ್ಕೇ “ಕೆಂ… ಅಲ್ಲ, ಹಸಿರು” ಎಂದು ತಡವರಿಸಿ, ನಕ್ಕು, ಬೆರಳಿಟ್ಟುಕೊಂಡು ಮುಂದೆ ಹೋದರು. ಅದೇ ಕೆಲಸವನ್ನು ಇಂಗ್ಲಿಷಿನಲ್ಲೇ ಓದಿ ಬೆಳೆದ ಮಗಳಿಗೆ ಕೊಟ್ಟರೆ ಇದು ತಲೆಕೆಳಗಾಯಿತು. ಓದಲು ಬಾರದ ಭಾಷೆಯ ಪದಗಳನ್ನು ಕೊಟ್ಟು ಅಳೆದರೆ ರೋಗಿ ಇರುವುದಕ್ಕಿಂತ ಚುರುಕಾಗಿ ಕಾಣಿಸಬಹುದು. ಅರೆಬರೆ ಓದಬಲ್ಲವರಲ್ಲಿ ಆ ಅಂಕಿಗೆ ಏನು ಅರ್ಥ ಹೇಳಬೇಕೆಂಬುದೇ ತೊಡಕು. ಆದ್ದರಿಂದ ಪದಗಳು ರೋಗಿಯ ಓದಿನ ಭಾಷೆಯಲ್ಲೇ ಇರಬೇಕು, ಗಡಿಯನ್ನೂ ಆ ಜನರ ನಡುವೆಯೇ ಹೊಸದಾಗಿ ಅಳೆದು ನಿಗದಿಪಡಿಸಬೇಕು. ಜಪಾನ್, ಚೀನಾ, ಕೊರಿಯಾಗಳಲ್ಲಿ ಸ್ಟ್ರೂಪ್ ಆಧಾರಿತ ಪರೀಕ್ಷೆಗಳನ್ನು ಅಲ್ಲಿನವರ ಮೇಲೆ ಪ್ರತ್ಯೇಕವಾಗಿ ಅಧ್ಯಯನ ಮಾಡಿರುವುದು ಸುಮ್ಮನೆ ಅಲ್ಲ.

ಈ ತೊಡಕಿಗೆ ಅರ್ಧ ಪರಿಹಾರ ಮೂಲ ತಂಡದಿಂದಲೇ ಬಂದಿದೆ. ಪೂರ್ತಿ ಹತ್ತು ಸುತ್ತುಗಳ ಬದಲು ‘ಆಫ್’ ಭಾಗದ ಮೊದಲ ಎರಡು ಸುತ್ತುಗಳನ್ನಷ್ಟೇ ಬಳಸುವ, ಒಂದು ನಿಮಿಷದೊಳಗೆ ಮುಗಿಯುವ ಕ್ವಿಕ್‌ಸ್ಟ್ರೂಪ್ ಎಂಬ ಕಿರುರೂಪವನ್ನು ಅವರು ಇತ್ತೀಚಿನ ವರ್ಷಗಳಲ್ಲಿ ಪರೀಕ್ಷಿಸಿ, ಅದರ ನಿಖರತೆ ಪೂರ್ಣರೂಪಕ್ಕೆ ಹೆಚ್ಚು ಕಡಿಮೆ ಸಮನಾಗಿದೆ ಎಂದು ತೋರಿಸಿದ್ದಾರೆ. ಸ್ಟ್ರೂಪ್ ಪರೀಕ್ಷೆಯಿಂದ ಸ್ಟ್ರೂಪನ್ನೇ ತೆಗೆದುಹಾಕಿದಂತಾಯಿತಲ್ಲ ಎಂದು ಮೊದಲು ನನಗೆ ನಗು ಬಂತು. ಆದರೆ ಭಾವನವರ ಫಲಿತಾಂಶಗಳನ್ನು ಬರೆದಿಟ್ಟ ಹಾಳೆಯನ್ನು ತೆಗೆದು ನೋಡಿದರೆ ಅಲ್ಲಿಯೂ ಏರಿಳಿತದ ಹೆಚ್ಚಿನ ಪಾಲು ಹ್ಯಾಶ್ ಚಿಹ್ನೆಗಳ ಭಾಗದಲ್ಲೇ ಇತ್ತು. ಕಾಯಿಲೆ ಮೊದಲು ಕದಿಯುವುದು ವೇಗವನ್ನು ಎಂದು ಒಬ್ಬ ರೋಗಿಯ ಹಾಳೆಯಿಂದ ತೀರ್ಮಾನಿಸಲಾಗದು, ಆದರೂ ಸುಳಿವು ಆ ಕಡೆಗೇ ಇದೆ.

ಇಂಥ ಆ್ಯಪನ್ನು ಮುಂದೆ ಯಾರಾದರೂ ರೂಪಿಸುವುದಾದರೆ ಬಳಕೆದಾರನಾಗಿ ನನ್ನ ಕೋರಿಕೆಗಳು ಇವು. ಫಲಿತಾಂಶದ ಜೊತೆಗೆ ಆ ದಿನದ ನಿದ್ದೆ, ಮಲ ವಿಸರ್ಜನೆಯ ಎಣಿಕೆ, ಹೊಸ ಮಾತ್ರೆ, ಸಕ್ಕರೆಯ ಪ್ರಮಾಣಗಳನ್ನು ಬರೆದಿಡುವ ಜಾಗವಿರಲಿ, ಏಕೆಂದರೆ 241ರ ಗುಟ್ಟು ಬಿಚ್ಚಿಕೊಂಡದ್ದು ಅಕ್ಕ ಇಟ್ಟಿದ್ದ ನೋಟ್‌ಬುಕ್ಕಿನಿಂದ. ಒಂದು ಅಂಕಿಯನ್ನು ದೊಡ್ಡದಾಗಿ ತೋರಿಸುವ ಬದಲು ಕಳೆದ ಆರು ಅಂಕಿಗಳ ಗೆರೆಯನ್ನು ತೋರಿಸಲಿ. ಬೆರಳು ನಡುಗುವವರು ಪಕ್ಕದ ಆಯ್ಕೆಯನ್ನು ಸವರಿದರೆ ಅದು ಗಮನದ ತಪ್ಪೋ ಕೈಯ ತಪ್ಪೋ ಎಂಬುದನ್ನು ಬೇರ್ಪಡಿಸುವ ಬಗೆಯನ್ನು ಯೋಚಿಸಲಿ. ಮುಟ್ಟಿದ ಜಾಗ ಅಂಚಿನಲ್ಲಿತ್ತೇ ನಡುವಿನಲ್ಲಿತ್ತೇ ಎಂಬುದು ಫೋನಿಗೆ ಗೊತ್ತಿರುತ್ತದೆ. ಫೋನಿನಿಂದ ಫೋನಿಗೆ ಪರದೆಯ ಗಾತ್ರ, ಸ್ಪರ್ಶದ ಚುರುಕು ಬದಲಾಗುವುದರಿಂದ ಯಾವ ಸಾಧನದಲ್ಲಿ ಮಾಡಿದ್ದೆಂಬುದು ತಾನಾಗಿಯೇ ದಾಖಲಾಗಲಿ. ಅಲ್ಲಿಯವರೆಗೆ ಒಂದೇ ಫೋನು, ಒಂದೇ ಹೊತ್ತು, ಒಂದೇ ಕುರ್ಚಿ ಎಂಬುದು ನಮ್ಮ ಮನೆಯ ನಿಯಮ.

ಈ ನಡುವೆ ಇನ್ನೊಂದು ಆ್ಯಪನ್ನೂ ಪ್ರಯತ್ನಿಸಿದೆ, ಹೆಸರು ಬೇಡ. ಅದು ಭಾವನವರಿಗೆ ಎರಡು ಆಟ ಆಡಿಸಿ “ನಿಮ್ಮ ಮಿದುಳಿನ ವಯಸ್ಸು 74” ಎಂದು ಘೋಷಿಸಿ, ಹೆಚ್ಚಿನ ವಿವರಕ್ಕೆ ಹಣ ಕಟ್ಟಿ ಎಂದಿತು. ಯಾರ ಮೇಲೆ ಅಳೆದು ಆ ವಯಸ್ಸನ್ನು ಲೆಕ್ಕ ಹಾಕಿದರು ಎಂಬ ಒಂದು ಸಾಲೂ ಎಲ್ಲಿಯೂ ಇರಲಿಲ್ಲ. ಅದನ್ನು ಆ ರಾತ್ರಿಯೇ ತೆಗೆದುಹಾಕಿದೆ. ಎನ್‌ಸೆಫಲ್‌ಆ್ಯಪಿನ ಸೆಕೆಂಡುಗಳು ರುಚಿಸದಿದ್ದರೂ ಅವು ಎಲ್ಲಿಂದ ಬಂದವು, ಯಾರ ಜೊತೆ ಹೋಲಿಸಿದ್ದು ಎಂಬುದನ್ನು ಹುಡುಕಿ ಓದಬಹುದು. ಇವೆರಡರ ನಡುವಿನ ಅಂತರ ನನಗೆ ಮುಖ್ಯ.

ಭಾವನವರು ಈಗ ಕೇಳುತ್ತಿರುವುದು ಕಾರಿನ ವಿಷಯ. ಹೋದ ತಿಂಗಳು 181 ಬಂದಾಗ ಫೋನನ್ನು ಅಕ್ಕನ ಮುಂದೆ ಹಿಡಿದು, “ನೋಡು, ಪಾಸಾಗಿದ್ದೇನೆ, ಕೀ ಕೊಡು” ಎಂದರು. ಈ ಪರೀಕ್ಷೆಯ ಅಂಕಿಗೂ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ರೋಗಿಗಳು ಮಾಡುವ ತಪ್ಪುಗಳಿಗೂ ಸಂಬಂಧ ಕಂಡುಬಂದಿದೆ ನಿಜ, ಆದರೆ ಗಾಡಿ ಓಡಿಸಲು ಒಬ್ಬರು ಯೋಗ್ಯರೋ ಅಲ್ಲವೋ ಎಂದು ಹೇಳುವ ಪರೀಕ್ಷೆಯಾಗಿ ಇದನ್ನು ಯಾರೂ ರೂಪಿಸಿಲ್ಲ. ವೈದ್ಯರ ಜೊತೆ ಮಾತನಾಡಿ, ಅವರು ಒಪ್ಪಿದ ಮೇಲೆ, ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿ ತೋರಿಸಿ ಎಂದು ಅಕ್ಕ ಹೇಳಿದ್ದಾಳೆ. ವೈದ್ಯರನ್ನು ಕಾಣುವ ದಿನ ಬರುವ ಗುರುವಾರ. ಹನ್ನೊಂದು ತಿಂಗಳ ಹಾಳೆಗಳು ಮತ್ತು ಆ ನೋಟ್‌ಬುಕ್ಕು ಆಗಲೇ ಚೀಲ ಸೇರಿವೆ, ಈ ಸಲ ಕನ್ನಡಕದ ಜೊತೆಗೆ.